ನನ್ನ ರೆಪ್ಪೆ, ಕಾಕುವಿನ ಬಣ್ಣ

ನಮ್ಮ ಕಾಕುವಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ನನ್ನ ಮೇಲೆ ಅಪಾರ ಪ್ರೀತಿ. ಅದರಲ್ಲೂ ನನ್ನ ಕಣ್ಣಿನ ರೆಪ್ಪೆಗಳ ಮೇಲೆ! ನನ್ನ ಎಂ.ಎ., ನನ್ನ ಊಟ, ನನ್ನ ಮದುವೆ ಎಲ್ಲವೂ ಅವಳ ಮಟ್ಟಿಗೆ ರೆಪ್ಪೆಗಳ ನಂತರದ ವಿಷಯಗಳು.

ಕಾರಣವಿತ್ತು. ಕಮಲಾಪುರದಲ್ಲಿ ಅವಳ ಅಣ್ಣನ ಮಗಳ ಮದುವೆ ಗೊತ್ತಾಗಿತ್ತು. ಮದುಮಗಳ ಕಣ್ಣಿಗೆ ಬಣ್ಣ ಹಚ್ಚುವವಳು ತಾನೇ ಎಂದು ಕಾಕು ತವರಿಗೆಲ್ಲ ಸಾರಿ ಬಂದಿದ್ದಳು. ಆಮೇಲೆ ಬಣ್ಣದ ಡಬ್ಬಿ ಕೊಂಡಳು. ಹಚ್ಚುವುದು ಹೇಗೆಂಬ ಯೋಚನೆ ಬಂದದ್ದು ಅದಕ್ಕೂ ಆಮೇಲೆ!

ನಿನ್ನ ಕಣ್ಣಿಗೇ ಹಚ್ಚಿಕೊಂಡು ಕಲಿಯಬಾರದೇ ಎಂದು ಕೇಳಿದೆ.

"ಮುಚ್ಚಿದ ಕಣ್ಣು ತನಗ ತಾನೇ ಕಾಣ್ತದೇನು?" ಎಂದಳು.

ವಾದವೇನೋ ಸರಿ. ಕಾಕಾ ತೀರಿಕೊಂಡ ಮೇಲೆ ಅವಳು ಕುಂಕುಮವನ್ನೂ ಇಡುತ್ತಿರಲಿಲ್ಲ. ಆ ಕಾರಣವನ್ನು ಅವಳು ಹೇಳಲಿಲ್ಲ, ನಾನು ಕೆದಕಲಿಲ್ಲ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಅವಳೆದುರು ಕೂತೆ.

ಮೊದಲ ದಿನ ನೇರಳೆ. ಡಬ್ಬಿಯೊಳಗಿನ ಸ್ಪಂಜಿನ ಕಡ್ಡಿಯಿಂದ ಗೋಡೆಗೆ ಸುಣ್ಣ ಬಳಿದಂತೆ ಬಳಿದಳು. ಒರೆಸಿಕೊಳ್ಳಲು ಹೊತ್ತಿಲ್ಲದೆ ಹಾಗೇ ಬಸ್ಸು ಹತ್ತಿದೆ. ವಿಶ್ವವಿದ್ಯಾಲಯದಲ್ಲಿ ಗೆಳತಿ ನನ್ನನ್ನು ಮೂಲೆಗೆ ಕರೆದು, "ಮನ್ಯಾಗ ಯಾರರ ಹೊಡದಾರೇನು? ನನ್ನ ಮುಂದ ಹೇಳು" ಎಂದಳು. ಗಾಬರಿಯಲ್ಲಿ ಕಣ್ಣು ಬಂದಿವೆ ಎಂದುಬಿಟ್ಟೆ. ಆ ದಿನ ನನ್ನ ಬೆಂಚಿನಲ್ಲಿ ನಾನೊಬ್ಬಳೇ!

ತಪ್ಪು ಸ್ಪಂಜಿನದು ಎಂದು ಕಾಕು ತೀರ್ಪು ಕೊಟ್ಟಳು. ಅಪ್ಪನ ದಾಡಿ ಬ್ರಶ್ಶು ಅವಳ ಕೈ ಸೇರಿತು. ಮರುದಿನ ಅಪ್ಪ ಕೆನ್ನೆ ತುಂಬ ಬಂಗಾರದ ಮಿಂಚು ಹೊತ್ತು ಕಚೇರಿಗೆ ಹೋದರು. ಸಾಹೇಬರು ಫೈಲು ಬಿಟ್ಟು ಅವರ ಮುಖವನ್ನೇ ನೋಡಿದರಂತೆ! ಆಮೇಲೆ ಕಾಕು ಮಕ್ಕಳು ಚಿತ್ರ ಬಿಡಿಸುವ ಸಣ್ಣ ಕುಂಚಕ್ಕೆ ಇಳಿದಳು. ಬಣ್ಣಕ್ಕೆ ಹಗುರಾಗಿ ತಾಗಿಸಿ ಕೊಡವಬೇಕು. ಮೊದಲು ತಿಳಿ, ಮೇಲೆ ಗಾಢ. ಕಣ್ಣಿನ ಹೊರತುದಿಯಿಂದ ಒಳಕ್ಕೆ, ಬಿಲ್ಲಿನಂತೆ ಬಾಗಿಸಿ, ಅತ್ತಿಂದಿತ್ತ. ಅಂಚನ್ನು ಉಂಗುರದ ಬೆರಳಿನಿಂದ ಒತ್ತದೆ ಸವರಬೇಕು. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನನ್ನನ್ನು ಕೆಡಿಸಿ ಕೆಡಿಸಿಯೇ ಕಲಿತಳು.

ಆದರೂ ಎರಡು ಬಣ್ಣಗಳ ನಡುವೆ ಗೆರೆ ಉಳಿಯುತ್ತಿತ್ತು. ಒಂದು ಸಂಜೆ ನಮ್ಮೂರಿನ ಜಗತ್ ಸರ್ಕಲ್ಲಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಬಂಡಿ ಕಂಡು ಅವಳು ಗಕ್ಕನೆ ನಿಂತಳು. ಹಣ್ಣೊಂದನ್ನು ನನ್ನ ಕಣ್ಣಿನ ಪಕ್ಕ ಹಿಡಿದಳು. "ನೋಡು, ಕೆಂಪು ಎಲ್ಲಿ ಮುಗೀತು, ಹಳದಿ ಎಲ್ಲಿ ಶುರು ಆತು, ಗೊತ್ತಾಗ್ತದೇನು? ಹಿಂಗ ಆಗಬೇಕು. ಗೆರಿ ಕಾಣಬಾರದು."

ಜನ ನೋಡುತ್ತಿದ್ದರು. ಅವಳ ಜೊತೆಯವಳಲ್ಲ ಎಂಬಂತೆ ನಿಲ್ಲೋಣವೆಂದರೆ ನನ್ನ ಗದ್ದ ಅವಳ ಕೈಯಲ್ಲಿತ್ತು! ಬಂಡಿಯವನು ತಾಳ್ಮೆಗೆಟ್ಟು, "ಅಕ್ಕಾರ, ಹಣ್ಣ ತಗೋತೀರೋ, ಪೋರಿ ಮಾರಿ ನೋಡ್ಕೋತ ನಿಲ್ತೀರೋ?" ಎಂದ.

ಮದುವೆಯ ದಿನ ಬಂತು. ಕಮಲಾಪುರದ ಮನೆಯ ಒಳಕೋಣೆಯಲ್ಲಿ ಮದುಮಗಳು ಕಣ್ಣು ಮುಚ್ಚಿ ಕೂತಿದ್ದಳು. ಕಾಕು ಕುಂಚ ಎತ್ತಿದಳು. ಬಾಗಿಲಲ್ಲಿ ನಿಂತಿದ್ದ ಮನೆಯ ಹಿರಿಯಜ್ಜಿ, ಜೋರಾಗೇನೂ ಅಲ್ಲ, ಮೆಲ್ಲಗೇ ಹೇಳಿದರು: "ಇವತ್ತೊಂದಿನ ನೀ ಮುಟ್ಟಬ್ಯಾಡವ್ವ."

ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಇಷ್ಟು ದಿನ ಕಾಕುವಿನಿಂದಾಗಿ ನಾಚಿದ್ದೆ. ಆವತ್ತಿನ ನಾಚಿಕೆ ಬೇರೆಯದು.

ಕಾಕು ಕುಂಚವನ್ನು ನನ್ನ ಕೈಗಿಟ್ಟಳು. "ಇಕಿ ಹಚ್ತಾಳ. ಇಕಿಗಿ ಗೊತ್ತದ" ಎಂದು ಹೊಸ್ತಿಲಾಚೆ ಹೋಗಿ ನಿಂತಳು.

ನನಗೇನು ಗೊತ್ತು? ಕುಂಚವನ್ನು ಒಮ್ಮೆಯೂ ಹಿಡಿದವಳಲ್ಲ. ಆದರೆ ಅದು ರೆಪ್ಪೆಯ ಮೇಲೆ ಹೇಗೆ ಓಡಾಡುತ್ತದೆಂದು ನನ್ನ ರೆಪ್ಪೆಗಳಿಗೆ ಗೊತ್ತಿತ್ತು. ಅವು ನೆನಪಿಸಿದಂತೆ ಕೈ ಆಡಿಸಿದೆ. ಹೊಸ್ತಿಲಾಚೆ ಕಾಕುವಿನ ಉಂಗುರದ ಬೆರಳೂ ಗಾಳಿಯಲ್ಲಿ ಆಡುತ್ತಿತ್ತು. ಗೆರೆ ಉಳಿಯಲಿಲ್ಲ.

ಎಲ್ಲರೂ ಮಂಟಪದ ಕಡೆ ಹೋದ ಮೇಲೆ ಕಾಕು ಒಳಗೆ ಬಂದು ಡಬ್ಬಿ ಮುಚ್ಚತೊಡಗಿದಳು. ನಾನು ಬಾಗಿಲು ಓರೆ ಮಾಡಿ, ಕುಂಚ ಎತ್ತಿಕೊಂಡು, "ಕೂಡು ಕಾಕು" ಎಂದೆ.

"ಹುಚ್ಚಿ, ನನಗ್ಯಾಕ?"

"ಗೆರಿ ಕಾಣಂಗಿಲ್ಲ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು.

ಅಕ್ಷತೆಯ ಹೊತ್ತಿಗೆ ಅವಳು ಎಲ್ಲರಿಗಿಂತ ಹಿಂದೆ ಕಂಬದ ಪಕ್ಕ ನಿಂತಿದ್ದಳು. ಯಾರಿಗೂ ಏನೂ ತಿಳಿಯಲಿಲ್ಲ. ಅವಳು ರೆಪ್ಪೆ ಬಡಿದಾಗಲೆಲ್ಲ ಆ ಬಣ್ಣ ನನಗೊಬ್ಬಳಿಗೆ ಕಾಣುತ್ತಿತ್ತು.