ನೆಟ್ಟಗಾದ ಸೊಂಟದ ಪೇಚು

ದೋನ್ ಫೌಸ್ತಿನೊಗೆ ಬಂದ ಪೇಚಿಗೆಲ್ಲ ಕಾರಣ ಅವನ ಸೊಂಟ ಪೂರ್ತಿ ಸರಿಹೋದದ್ದು.

ವೆರಾಕ್ರೂಸ್ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದ ಅವನು, ಮೊದಲು ಹಾಕಿಸಿಕೊಂಡಿದ್ದ ಕೃತಕ ಕೀಲು ಸಡಿಲವಾಗಿ ಐದು ವರ್ಷ ಕುಂಟಿದ್ದ. ಹೋದ ವರ್ಷ ಅದನ್ನು ಕಿತ್ತು, ಮೈತುಂಬ ಸಣ್ಣ ತೂತುಗಳಿರುವ ಲೋಹದ ಕೀಲು ಕೂರಿಸಿದರು. ಆ ಗುರುವಾರ ಬೆಳಿಗ್ಗೆ ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಬೆಲಾರ್ಮಿನಾ ಹಿಗ್ಗಿ ಹೀರೇಕಾಯಿಯಾದರು.

"ನೋಡಿ, ತೂತುಗಳೊಳಗೆಲ್ಲ ನಿಮ್ಮ ಮೂಳೆ ಬೆಳೆದು ಗಟ್ಟಿಯಾಗಿ ಹಿಡ್ಕೊಂಡಿದೆ. ಇನ್ನು ಲಾರಿ ಕಟ್ಟಿ ಎಳೆದ್ರೂ ಅಲ್ಲಾಡಲ್ಲ!"

ಅಷ್ಟರಲ್ಲಿ ಅವರ ಕಣ್ಣು ಅವನ ಬೂಟಿನ ಮೇಲೆ ಬಿತ್ತು. ಹೊಸ ಬೂಟು, ಆದರೆ ಬಲಗಾಲಿನ ಹಿಮ್ಮಡಿ ಮಾತ್ರ ಒಂದು ಪಕ್ಕಕ್ಕೆ ಸವೆದಿತ್ತು.

"ಇದೇನಿದು? ಇನ್ನೂ ಕುಂಟ್ತಿದ್ದೀರಾ?"

"ಇಲ್ಲ ಡಾಕ್ಟ್ರೇ, ಬೂಟೇ ಸರಿಯಿಲ್ಲ."

"ಹಾಗಾದ್ರೆ ಸಂಜೆ ಚೌಕಕ್ಕೆ ಬಂದು ನಿಮ್ಮ ದಾನ್ಸೋನ್ ಕುಣಿತ ನಾನೇ ನೋಡ್ತೀನಿ. ಕುಂಟಿದ್ರೋ, ಸೊಂಟ ಮತ್ತೆ ಬಿಚ್ಚೋದೇ!"

ಫೌಸ್ತಿನೊ ಬೂಟನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅವನು ಕುಂಟುತ್ತಿದ್ದದ್ದು ನಿಜ, ಆದರೆ ಬೇಕೆಂದೇ ಕುಂಟುತ್ತಿದ್ದ. ಪ್ರತಿ ಗುರುವಾರ ಸಂಜೆ ಚೌಕದಲ್ಲಿ ನಡೆಯುವ ಆ ಜೋಡಿ ಕುಣಿತದಲ್ಲಿ ಅವನ ಆ ವಾಲಾಟ ಎಷ್ಟು ಹೆಸರಾಗಿತ್ತೆಂದರೆ, ಮೂವತ್ತು ಜೋಡಿಗಳು ಅದನ್ನು 'ಫೌಸ್ತಿನೊ ಹೆಜ್ಜೆ' ಎಂದು ಕಷ್ಟಪಟ್ಟು ಕಲಿತಿದ್ದವು. ಅದಕ್ಕಿಂತ ದೊಡ್ಡ ವಿಷಯ ದೋನ್ಯಾ ಕ್ಲೆಮೆನ್ಸಿಯಾ. ಮೀನಿನ ಕಡುಬು ಮಾರುವ ಆ ವಿಧವೆ ಚೌಕದ ಅಷ್ಟೂ ಗಂಡಸರನ್ನು ಬಿಟ್ಟು ಅವನ ಜೊತೆಗೇ, ಅವನ ಹಾಗೆಯೇ ವಾಲುತ್ತ ಕುಣಿಯುತ್ತಿದ್ದಳು. ಕುಂಟು ಹೋದರೆ ಅವಳೂ ಹೋದಳೆಂದು ಅವನು ನಂಬಿದ್ದ. ನಂಬಿಸಿದವನು ಪಕ್ಕದ ಮನೆಯ ಕ್ಷೌರಿಕ ರೋಸೆಂದೊ.

"ನೆಟ್ಟಗೆ ನಡೆಯೋ ಗಂಡಸ್ರು ಈ ಊರಲ್ಲಿ ಸಾವಿರ ಇದ್ದಾರೆ ಕಣಯ್ಯಾ," ಎಂದು ಅವನು ಅವತ್ತೂ ಹೇಳಿದ. "ಒಂದ್ ಕೆಲ್ಸ ಮಾಡು. ಡಾಕ್ಟರಮ್ಮನ್ನ ವಾದ್ಯದವರ ಪಕ್ಕ ಕೂರಿಸ್ತೀನಿ. ಆ ಕಡೆ ಹೋದಾಗ ನಾಲ್ಕೇ ಹೆಜ್ಜೆ ನೆಟ್ಟಗೆ ಕುಣಿ, ನಿನ್ನ ಜೋಡಿಗೆ ಗೊತ್ತಾಗಲ್ಲ, ಈ ಕಡೆ ಬಂದಾಗ ಕುಂಟು."

ಸಂಜೆ ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೇ ಸುತ್ತಿನಲ್ಲಿ ಡಾಕ್ಟರಮ್ಮ ಐಸ್‌ಕ್ರೀಮ್ ಕೊಳ್ಳಲು ಎದ್ದು ಈಚೆ ಕಡೆಗೇ ಬಂದುಬಿಟ್ಟರು. ಫೌಸ್ತಿನೊ ಕಕ್ಕಾಬಿಕ್ಕಿಯಾಗಿ ಒಂದು ಹೆಜ್ಜೆ ಕುಂಟಿದ, ಒಂದು ಹೆಜ್ಜೆ ನೆಟ್ಟಗಿಟ್ಟ, ಮೂರನೆಯದನ್ನು ಇಡಲೇ ಇಲ್ಲ. ಗುರು ಹೊಸದೇನೋ ತೋರಿಸುತ್ತಿದ್ದಾನೆಂದು ಹಿಂದಿನ ಜೋಡಿಗಳೂ ಹಾಗೆಯೇ ಮಾಡಿ ಒಬ್ಬರ ಮೇಲೊಬ್ಬರು ಬಿದ್ದರು. ಟ್ರಾಂಬೋನಿನವನು ನಗು ತಡೆಯಲಾರದೆ ಊದುವುದನ್ನೇ ನಿಲ್ಲಿಸಿದ.

"ನಾಳೆನೇ ಅಡ್ಮಿಟ್ ಆಗಿ!" ಡಾಕ್ಟರಮ್ಮ ಕೂಗಿದರು.

"ಬೇಡಿ ತಾಯಿ!" ಫೌಸ್ತಿನೊ ಅಂಗಲಾಚಿದ. "ಸೊಂಟ ಕಲ್ಲಿನ ಹಾಗಿದೆ. ಕುಂಟೋದೆಲ್ಲ ನಾಟಕ. ಈಕೆಗೆ ಅದು ಇಷ್ಟ ಅಂತ..."

"ಯಾರ್ರೀ ಹೇಳಿದ್ದು ನನಗಿಷ್ಟ ಅಂತ?" ಕ್ಲೆಮೆನ್ಸಿಯಾ ತನ್ನ ಬೀಸಣಿಗೆ ಮಡಚಿ ಅವನ ಭುಜಕ್ಕೆ ಬಾರಿಸಿದಳು. "ನೀವೊಬ್ರೇ ಕುಂಟಿದ್ರೆ ಜನ ನಗ್ತಾರೆ ಅಂತ ನಾನೂ ಕುಂಟ್ದೆ! ನನಗಿಷ್ಟ ಆಗಿದ್ದು ನೀವು, ನಿಮ್ಮ ಸೊಂಟ ಅಲ್ಲ!"

ಚೌಕದ ತುಂಬ ಚಪ್ಪಾಳೆ. ರೋಸೆಂದೊ ಮೆಲ್ಲಗೆ ಕಂಬದ ಹಿಂದೆ ಸರಿದ. ಫೌಸ್ತಿನೊಗೆ ಅಷ್ಟು ಸಂತೋಷ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ. "ಹಾಗಾದ್ರೆ ಬನ್ನಿ, ನೆಟ್ಟಗೇ ಕುಣಿಯೋಣ!" ಎಂದು ಕೈ ಚಾಚಿದ.

ಅವಳು ನಾಲ್ಕು ಹೆಜ್ಜೆ ಇಟ್ಟಳು. ನಾಲ್ಕರಲ್ಲೂ ವಾಲಿದಳು.

"ಸಾಕು ಬಿಡಿ, ಇನ್ಯಾಕೆ ಕುಂಟ್ತೀರಿ?"

"ನಾನು ಕುಂಟ್ತಿಲ್ಲ ಕಣ್ರೀ." ಅವಳ ದನಿ ಸಣ್ಣದಾಯಿತು. "ಕಾಲೇ ಕುಂಟ್ತಿದೆ. ಮೊದಮೊದಲು ಬೇಕಂತ್ಲೇ ಕುಂಟ್ದೆ, ಆರು ತಿಂಗಳಿಂದ ನಿಜವಾಗ್ಲೂ ನೋವು. ನಿಮಗೆ ಹೇಗಪ್ಪಾ ಹೇಳೋದು ಅಂತ ಸುಮ್ಮನಿದ್ದೆ."

ಡಾಕ್ಟರಮ್ಮ ಐಸ್‌ಕ್ರೀಮನ್ನು ಫೌಸ್ತಿನೊನ ಕೈಗೆ ತುರುಕಿ, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕಾಲನ್ನು ಆಚೀಚೆ ತಿರುಗಿಸಿ ನೋಡಿದರು.

"ನಿಮ್ಮ ಸೊಂಟದ ಕೀಲೂ ಸವೆದಿದೆ ಅನ್ಸುತ್ತೆ. ನಾಳೆ ಎಕ್ಸ್‌ರೇಗೆ ಬನ್ನಿ. ಹೊಸದು ಹಾಕಿದ್ರೆ ನೀವೂ ಇವರ ಹಾಗೇ ನೆಟ್ಟಗಾಗ್ತೀರಿ. ಆದ್ರೆ ಅಲ್ಲೀವರೆಗೂ, ಆಮೇಲೆ ಮೂರ್ನಾಲ್ಕು ತಿಂಗಳೂ ಕುಣಿಯೋ ಹಾಗಿಲ್ಲ."

"ಕಾಯ್ತೀರಾ?" ಎಂದಳು ಕ್ಲೆಮೆನ್ಸಿಯಾ.

"ಕಾಯದೇ ಎಲ್ಲಿಗ್ ಹೋಗ್ಲಿ?" ಎಂದ ಫೌಸ್ತಿನೊ.

ವಾದ್ಯ ಮತ್ತೆ ಶುರುವಾಯಿತು. ಮೂವತ್ತು ಜೋಡಿಗಳು ಎದ್ದು, ಬಟ್ಟೆ ಕೊಡವಿಕೊಂಡು, ಖುಷಿಯಿಂದ ಕುಂಟತೊಡಗಿದವು. ಇಡೀ ಚೌಕದಲ್ಲಿ ನೆಟ್ಟಗೆ ಕುಣಿಯಲು ಸಿದ್ಧನಿದ್ದ ಒಬ್ಬನೇ ಒಬ್ಬ ಗಂಡಸು ಬೆಂಚಿನ ಮೇಲೆ ಕ್ಲೆಮೆನ್ಸಿಯಾಳ ಪಕ್ಕ ಕೂತು ಅವಳಿಗೆ ಬೀಸಣಿಗೆ ಬೀಸುತ್ತಿದ್ದ.