ಬಿರುಕು ಕಂಡರೆ ಕೆಂಪು ಚುಕ್ಕೆ

ನಮ್ಮ ಕಾಕಾ ಲಕ್ಷಗಟ್ಟಲೆ ಗುಂಡು ಹಾರಿಸಿದ ಮನುಷ್ಯ. ಅವರ ಕೈಯಲ್ಲಿ ಈವರೆಗೆ ಒಂದು ಸೊಳ್ಳೆಯೂ ಸತ್ತಿಲ್ಲ!

ನಂಬಿಕೆ ಬರುವುದಿಲ್ಲವೇ? ನಿವೃತ್ತಿಯಾಗುವವರೆಗೂ ಅವರು ರಕ್ಷಣಾ ಇಲಾಖೆಯ ಒಂದು ಘಟಕದಲ್ಲಿ ಜೇಬಿನ ಪಿಸ್ತೂಲುಗಳ ಬಾಳಿಕೆ ಪರೀಕ್ಷಿಸುತ್ತಿದ್ದರು. ಸುತ್ತು ಎಣಿಸುತ್ತ ಮರಳಿನ ಗುಡ್ಡೆಗೆ ಗುಂಡು ಹಾರಿಸುವುದು, ಪಿಸ್ತೂಲು ಬಿಚ್ಚಿ ಭೂತಗನ್ನಡಿಯಲ್ಲಿ ಅದರ ಫ್ರೇಮು ನೋಡುವುದು, ಮತ್ತೆ ಹಾರಿಸುವುದು. ಫ್ರೇಮೆಂದರೆ ಪಿಸ್ತೂಲಿನ ಎಲುಬಿನ ಗೂಡು. ನಳಿಗೆ, ಕುದುರೆ ಎಲ್ಲವನ್ನೂ ಹಿಡಿದುಕೊಂಡಿರುವುದು ಅದೇ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಚುಕ್ಕೆ. ಚುಕ್ಕೆ ಬಿತ್ತೆಂದರೆ ಮುಗಿಯಿತು, ಆ ಪಿಸ್ತೂಲಿಗೆ ಮತ್ತೆ ಕೆಲಸ ಹೇಳುವಂತಿಲ್ಲ.

“ದೊಡ್ಡ ಪಿಸ್ತೂಲ್ ಹೊಡೆತಾನ ಮೈತುಂಬ ಹಂಚಿಕೋತೈತಿ ತಮ್ಮಾ. ಸಣ್ಣದು ಎಲ್ಲಾ ತಾನ ನುಂಗತೈತಿ. ಮ್ಯಾಲ ಏನೂ ಕಾಣಂಗಿಲ್ಲ, ಒಳಗ ಸವೀತೈತಿ” ಎನ್ನುವುದು ಕಾಕಾನ ಉಪದೇಶ. ಉಪ್ಪಲ್‌ನ ಅವರ ಮನೆಯಲ್ಲೇ ಇರುವ ತಪ್ಪಿಗೆ ನಾನಿದನ್ನು ದಿನಾ ಕೇಳುತ್ತೇನೆ.

ಕಾಕಾ ನಿವೃತ್ತರಾದರು, ಭೂತಗನ್ನಡಿ ನಿವೃತ್ತಿಯಾಗಲಿಲ್ಲ. ಅವರ ಹೆಂಡತಿ, ಅಂದರೆ ನಮ್ಮ ಕಾಕುವಿನ ನೇಲ್ ಪಾಲಿಶ್ ಬಾಟಲಿಯೇ ಕೆಂಪು ಬಣ್ಣವಾಯಿತು. ಕುಕ್ಕರಿನ ಹಿಡಿಗೆ ಚುಕ್ಕೆ, ಏಣಿಗೆ ಚುಕ್ಕೆ, ನನ್ನ ಹೆಲ್ಮೆಟ್ಟಿಗೆ ಎರಡು ಚುಕ್ಕೆ. ಒಮ್ಮೆ ಬಾಗಿಲಲ್ಲಿದ್ದ ಚಪ್ಪಲಿಗೂ ಬಿತ್ತು. ಪೂಜೆಗೆ ಬಂದಿದ್ದ ಆಚಾರ್ಯರದು ಅದು ಎಂದು ಆಮೇಲೆ ತಿಳಿಯಿತು!

ಇಷ್ಟೆಲ್ಲ ಕಾಣುವ ಕಣ್ಣಿಗೆ ಕಾಣದೆ ಉಳಿದದ್ದು ಕಾಕುವಿನ ಬಲಗೈ. ಕಾಕು ಹಿಡಿಯಷ್ಟು ಹೆಂಗಸು. ಅವರು ಜೋಳದ ರೊಟ್ಟಿ ಬಡಿಯುವ ಪಟಪಟ ಸದ್ದಿಗೇ ನಮ್ಮ ಮನೆಯಲ್ಲಿ ಬೆಳಗಾಗುತ್ತದೆ. ದೀಪಾವಳಿ ಹೊತ್ತಿಗೆ ಬಚ್ಚಲಲ್ಲಿ ಜಾರಿ ಕೈಯೂರಿದ್ದರು. ಅಂದಿನಿಂದ ಮಣಿಕಟ್ಟು ನೋವು.

“ಊರ ಸಾಮಾನೆಲ್ಲಾ ನೋಡ್ತೀರಿ, ನನ್ನ ಕೈನೂ ಒಂದೀಟು ನೋಡ್ರಿ.”

“ನಿಂದು ಉಕ್ಕಿನ ಫ್ರೇಮ್. ಏನೂ ಆಗಂಗಿಲ್ಲ, ಎಣ್ಣಿ ಹಚ್ಚು.”

ಕಾಕು ಎಣ್ಣೆ ಹಚ್ಚಿಕೊಂಡು ಮತ್ತೆ ರೊಟ್ಟಿಗೆ ಕೂತರು.

ಒಂದು ದಿನ ನನ್ನ ಆಫೀಸು ತೋರಿಸಲೆಂದು ಕಾಕಾನನ್ನು ಮಾದಾಪುರಕ್ಕೆ ಹೊರಡಿಸಿದೆ. ಮೆಟ್ರೋ ತಪಾಸಣೆಯಲ್ಲಿ ಯಂತ್ರ ಕುಂಯ್ ಎಂದಿತು. ಕಾವಲಿನವನು ಭೂತಗನ್ನಡಿಯಿದ್ದ ಅವರ ಜೇಬು ಮುಟ್ಟಿ, “ಯೇ ಕ್ಯಾ ಹೈ ಚಾಚಾ?” ಎಂದ. ಕಾಕಾನ ಹಿಂದಿ ಸಾವಧಾನದ್ದು. ಅಭಿಮಾನದಿಂದ, ಗಟ್ಟಿಯಾಗಿ, “ಜೇಬ್ ಕಾ ಪಿಸ್ತೂಲ್…” ಎಂದು ಶುರುಮಾಡಿದರು. “…ದೇಖ್ನೇ ಕಾ ಕಾಂಚ್” ಎಂದು ಮುಗಿಸುವಷ್ಟರಲ್ಲಿ ನಮ್ಮ ಹಿಂದಿದ್ದ ಸಾಲಿಗೆ ಸಾಲೇ ಮೆಟ್ಟಿಲಿಳಿದು ರಸ್ತೆ ಸೇರಿತ್ತು! ಒಂದು ಗಂಟೆ ಕೂಡಿಸಿಕೊಂಡು ವಿಚಾರಿಸಿದರು. ಕಾಕಾಗೆ ಬೇಸರವೇ ಇಲ್ಲ. ಕೂತಿದ್ದ ಸ್ಟೂಲಿನ ಕಾಲಿಗೆ ಚುಕ್ಕೆ ಇಟ್ಟೇ ಎದ್ದರು.

ನನಗೆ ಹೆಣ್ಣು ನೋಡಲು ಹಿಮಾಯತ್‌ನಗರಕ್ಕೆ ಹೋದದ್ದನ್ನೂ ಕೇಳಿ. ಹುಡುಗಿ ಚಹಾ ತಂದಳು. ನಾನು ಹುಡುಗಿಯನ್ನು ನೋಡಿದೆ, ಕಾಕಾ ಕುರ್ಚಿಯನ್ನು ನೋಡಿದರು. ಅದನ್ನು ಬೋರಲು ಹಾಕಿ, “ಬಿರಕು ಬಿಟ್ಟೈತ್ರಿ. ಇನ್ನ ಐದು ಮಂದಿ ಕುಂತ್ರ ಮುರೀತೈತಿ” ಎಂದು ಹುಡುಗಿಯ ತಂದೆಗೆ ತೀರ್ಪು ಕೊಟ್ಟರು. ಅವರು ಮುಖ ಗಂಟಿಕ್ಕಿದರು. ಬಂದವರೆಲ್ಲ ಆ ಕುರ್ಚಿಯಲ್ಲೇ ಕೂತು ಎದ್ದರು. ನಾಲ್ಕನೆಯವರಾಗಿ ಹುಡುಗಿಯ ಸೋದರಮಾವ ಕೂತರು, ಮುರಿಯಿತು. ಸಂಬಂಧವೂ ಮುರಿಯಿತು. ಕಾಕಾ ದಾರಿಯುದ್ದಕ್ಕೂ ಕೊರಗಿದರು, ಸಂಬಂಧಕ್ಕಲ್ಲ, ಅಂದಾಜು ಒಂದು ಆಳಿನಷ್ಟು ತಪ್ಪಿತಲ್ಲ ಎಂದು! ಆ ಗಡಿಬಿಡಿಯಲ್ಲಿ ಕಾಕು ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದದ್ದನ್ನು ನಾನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ.

ಮರುವಾರ ಒಂದು ಬೆಳಿಗ್ಗೆ ಪಟಪಟ ಸದ್ದು ನಡುವೆಯೇ ನಿಂತಿತು. ಓಡಿಹೋಗಿ ನೋಡಿದರೆ ಕಾಕು ಕೈ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು, ಎಲುಬಿನಲ್ಲಿ ಸಣ್ಣ ಬಿರುಕಿದೆ, ಬಿದ್ದಾಗಿನದೇ ಇರಬೇಕು, ಕೆಲಸ ಮಾಡಿ ಮಾಡಿ ಹೆಚ್ಚಾಗಿದೆ ಎಂದರು. ಕಾಕಾ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು.

“ಸಣ್ಣ ಫ್ರೇಮ್ ತಮ್ಮಾ. ಮದಿವಿ ಆದಾಗಿಂದ ಎಷ್ಟು ರೊಟ್ಟಿ ಬಡದಾಳ, ನಾ ಒಂದು ಸುತ್ತೂ ಎಣಿಸಲಿಲ್ಲ. ತೋರಿಸಿದ್ರೂ ನೋಡಲಿಲ್ಲ” ಎಂದು ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು.

ಮನೆಗೆ ಬಂದವರೇ ನೇಲ್ ಪಾಲಿಶ್ ತೆಗೆದು ಕಾಕುವಿನ ಬಿಳಿ ಪ್ಲಾಸ್ಟರಿನ ಮೇಲೆ ಒಂದು ಚುಕ್ಕೆ ಇಟ್ಟರು.

“ಅಯ್ಯ, ನನ್ನೂ ಮೂಲಿಗೆ ಹಾಕಿದ್ರೇನ್ರಿ?”

“ಮೂಲಿಗೆ ಅಲ್ಲ. ಇನ್ನ ನಿನಗ ಯಾರೂ ಕೆಲಸಾ ಹೇಳಂಗಿಲ್ಲ.”

ಹೀಗೆಂದು ತಾವೇ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತರು. ಅರ್ಧ ಗಂಟೆಗೆ ಒಂದು ರೊಟ್ಟಿ ಹೊರಬಂತು. ಕಾಕು ಎಡಗೈಯಲ್ಲಿ ಭೂತಗನ್ನಡಿ ಎತ್ತಿಕೊಂಡು ಅದನ್ನು ಸುತ್ತ ಪರೀಕ್ಷಿಸಿದರು.

“ಇದ್ರಾಗ ಬಿರಕು ಇಲ್ಲದ ಜಾಗಾನ ಇಲ್ಲಲ್ರಿ!”

ಕಾಕಾ ತಲೆ ತಗ್ಗಿಸಿ ಬಾಟಲಿ ಮುಂದೆ ಹಿಡಿದರು. “ಹಂಗಾರ ಚುಕ್ಕಿ ಇಟ್ಟುಬಿಡು.”

ಕಾಕು ಬಾಟಲಿಯನ್ನು ಆಚೆ ಸರಿಸಿದರು. ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದರು. ಆಮೇಲೆ ತಾಟು ಮುಂದೊಡ್ಡಿ, “ಇನ್ನೊಂದು ಹಾಕ್ರಿ” ಎಂದರು.