ಮಾವನ ಕಂಪ್ಯೂಟರ್ ರಿಪೇರಿ

೧೯೯೩ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದು ನನ್ನ ಮರ್ಯಾದೆಗೆ; ನಿಲ್ಲಿಸಿದವರು ನನ್ನ ಸೋದರಮಾವ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ದುಡಿಯುವ ಕೈ ಬೇಕಿತ್ತು. ಒಂಬತ್ತನೇ ತರಗತಿಯಿಂದ ನನ್ನನ್ನು ಕೈಹಿಡಿದು ಎಬ್ಬಿಸಿ, ಹರಿಹರದ ತಮ್ಮ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೂರಿಸಿದರು. ತಪ್ಪು ಅನ್ನುವುದಿಲ್ಲ. ಇವತ್ತು ದಾವಣಗೆರೆಯ ಕರೂರಿನಲ್ಲಿ ನನ್ನದೇ ಅಂಗಡಿ ಇದೆ. ಸುಟ್ಟ ಮೋಟಾರು ನನ್ನಲ್ಲಿಗೆ ತಂದವರು ಇನ್ನೊಬ್ಬರ ಬಾಗಿಲಿಗೆ ಹೋದದ್ದಿಲ್ಲ.

ಈ ವರ್ಷ ಹತ್ತನೇ ತರಗತಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ. ಪಾಠ ಕೇಳಲು ಹಳೆಯ ಕಂಪ್ಯೂಟರೊಂದನ್ನು ಕೊಂಡೆ. ದಿನವೆಲ್ಲ ದುಡಿದು, ಸೊಂಟ ಹಿಡಿದುಕೊಂಡು ಬಂದು ಅದರ ಮುಂದೆ ಕೂತರೆ, ಮೇಷ್ಟ್ರು ಸಮೀಕರಣ ಬರೆದು 'ಆದ್ದರಿಂದ' ಎನ್ನುವಷ್ಟರಲ್ಲಿ ಆಫ್! ಆ 'ಆದ್ದರಿಂದ'ದ ಮುಂದೆ ಏನಿದೆಯೆಂದು ಎರಡು ತಿಂಗಳಾದರೂ ನನಗೆ ಗೊತ್ತಾಗಲಿಲ್ಲ.

ಕಂಪ್ಯೂಟರ್ ಹೀಗೆ ಆಫಾಗುವ ಸುದ್ದಿ ಕೇಳಿ ಮಾವ ಹರಿಹರದಲ್ಲಿ ಬಸ್ಸು ಹತ್ತಿದರು. ವಯಸ್ಸು ಎಪ್ಪತ್ತೆಂಟು. ಜೇಬಿನಲ್ಲಿ ಟೆಸ್ಟರ್, ಅದಿಲ್ಲದೆ ಮದುವೆ ಊಟಕ್ಕೂ ಹೋದವರಲ್ಲ. ನನ್ನ ಹೆಂಡತಿ ಕೊಟ್ಟ ಚೊಂಬು ನೀರನ್ನು ಹಿತ್ತಲಿನ ಅರ್ಥಿಂಗ್ ಗುಂಡಿಗೆ ಸುರಿದರು.

"ನನಗಿಂತ ಮೊದ್ಲು ಭೂಮಿಗೆ ಬಾಯಾರಿಕೆ ಆಗೈತೆ."

ಆದರೂ ಕಂಪ್ಯೂಟರ್ ಆಫಾಯಿತು. ಮುಂದಿನ ವಾರ ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಬದಲಾಯಿಸಿದರು. ಆಮೇಲೂ ಆಫಾಯಿತು. ಮೂರನೇ ಸಲ ಬಂದಾಗ ಹಾಲಿನವನ ಗಾಡಿಯ ಮೇಲೆ ಅನುಮಾನ ಬಂತು, ಅದರ ಗಡಗಡಕ್ಕೆ ವೈರು ಅದುರುತ್ತದಂತೆ. ಪಾಪ, ಅವನು ಎರಡು ಮನೆ ಆಚೆ ಗಾಡಿ ನಿಲ್ಲಿಸಿ ನಡೆದು ಬರತೊಡಗಿದ.

"ಮಾವ, ಕಂಪ್ಯೂಟರ್ ಅಂಗಡಿಗೆ ತೋರಿಸ್ಲೇನ್ರಿ?"

"ಯಾಕ, ನಾನು ಸತ್ತೀನೇನು?"

"ಹಂಗಾದ್ರೆ ನಾವೇ ಡಬ್ಬಿ ಬಿಚ್ಚಿ ನೋಡಾಣ್ರಿ."

"ಬ್ಯಾಡ. ಅದು ವಿದ್ಯೆ ಐತಲೇ. ಕರೆಂಟ್ ತನಕ ನಮ್ದು, ಒಳಗಿಂದು ಓದಿದೋರ್ದು."

ಆ ಡಬ್ಬಿಗೆ ಮಾವ, ನಾನು ಕಂಪ್ಯೂಟರ್ ಕೊಂಡ ವಾರವೇ, ಜರಿ ಅಂಚಿನ ಮಖಮಲ್ಲು ಮುಸುಕು ಹೊಲಿಸಿ ತಂದಿದ್ದರು. ದೂಳು ಕೂರಬಾರದಂತೆ. ಪರದೆಯಷ್ಟೇ ನಮಗೆ ದರ್ಶನ ಕೊಡುತ್ತಿತ್ತು.

ಪರೀಕ್ಷೆಗೆ ಮೂರು ವಾರ ಇತ್ತು. ಕಳೆದ ಭಾನುವಾರ ಮಧ್ಯಾಹ್ನ ಮತ್ತೆ ಆಫಾಯಿತು. ಮಾವ ಸೋತು, ಎದ್ದು ನಿಲ್ಲಲು ಆ ಡಬ್ಬಿಯ ಮೇಲೆ ಅಂಗೈ ಊರಿದರು. ಊರಿದ ಕೈ ಅಲ್ಲೇ ನಿಂತಿತು.

ಓಡಿದ ಮೋಟಾರಿನ ಮೇಲೆ ಅಂಗೈ ಇಡಬೇಕು. ಹತ್ತು ಎಣಿಸುವ ತನಕ ತಡೆಯಲಾಗದಿದ್ದರೆ ಒಳಗೆ ಉಸಿರು ಕಟ್ಟಿದೆ ಎಂದರ್ಥ. ನನಗೆ ಅವರು ಕಲಿಸಿದ ಮೊದಲ ಪಾಠವೇ ಅದು.

"ಒಂದು... ಎರಡು... ಮೂರು..."

ನಾಲ್ಕಕ್ಕೆ ಕೈ ತೆಗೆದರು. ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸಾವಿರಾರು ಮೋಟಾರು ಮುಟ್ಟಿದ ಇಬ್ಬರು, ಇದೊಂದನ್ನು ಮುಟ್ಟಿರಲಿಲ್ಲ!

ಮುಸುಕು ತೆಗೆದು ಡಬ್ಬಿ ಬಿಚ್ಚಿದೆವು. ಫ್ಯಾನಿನ ತುಂಬ ಮಖಮಲ್ಲಿನ ಜುಂಗು. ಅಂಗಡಿಯಿಂದ ಬ್ಲೋವರ್ ತಂದು ಊದಿದೆ. ಪಾಠ ಹಾಕಿ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. "ಆದ್ದರಿಂದ," ಎಂದರು ಮೇಷ್ಟ್ರು, "ಎಕ್ಸ್‌ನ ಬೆಲೆ ಏಳು."

"ಇಷ್ಟೇನಾ?" ಎಂದರು ಮಾವ.

ಆಮೇಲೆ ಮುಸುಕನ್ನು ನಿಧಾನಕ್ಕೆ ಮಡಚುತ್ತ, ನನ್ನ ಕಡೆ ನೋಡದೆ ಹೇಳಿದರು: "ಅವತ್ತು ನಿನ್ನ ಓದಿಗೆ ಅಡ್ಡ ಬಂದೋನೂ ನಾನೇ, ಈಗ್ಲೂ ನಾನೇ ನೋಡು."

"ಬಿಡ್ರಿ ಮಾವ."

"ಪರೀಕ್ಷೆ ದಿನ ಬರ್ತೀನಿ. ಕೈ ಹಿಡ್ದು ಶಾಲೆಯಿಂದ ಹೊರಗೆ ತಂದೋನು, ಬಾಗಿಲ ತನಕ ಬಿಟ್ಟು ಹೋಗ್ಬೇಕಲ್ಲ."

ಈಗ ನನ್ನ ಬಳಿ ಒಂದು ಅಂಗಡಿ, ರಿಪೇರಿಗೆ ಬಂದ ಹನ್ನೊಂದು ಮೋಟಾರು, ಮುಸುಕಿಲ್ಲದ ಒಂದು ಕಂಪ್ಯೂಟರು, ಓದಲು ಉಳಿದ ನಾಲ್ಕು ಪಾಠ, ಒಬ್ಬ ಮಾವ.